ಹಳೆಯ ಕಾರಿನ ರೇಡಿಯೊ: ದುರಸ್ತಿಯ ಲೆಕ್ಕ, ಆಂಪ್ಲಿಫೈಯರಿನ ಹೊಂದಾಣಿಕೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿಗಳ ವರ್ತಕ ಮನೆತನಗಳಲ್ಲಿ ಶೇಂಗಾ, ಮೆಕ್ಕೆಜೋಳದ ವಹಿವಾಟಿಗೆಂದು ಸುತ್ತಾಡಿದ ಅಂಬಾಸಿಡರ್ ಅಥವಾ ಪ್ರೀಮಿಯರ್ ಪದ್ಮಿನಿ ಕಾರು ಗೋದಾಮಿನ ಮೂಲೆಯಲ್ಲಿ ಉಳಿದಿದ್ದರೆ, ಅದನ್ನು ಗುಜರಿಗೆ ತೂಗುವ ಮುನ್ನ ಡ್ಯಾಶ್‌ಬೋರ್ಡಿನತ್ತ ಒಮ್ಮೆ ಕಣ್ಣು ಹಾಯಿಸುವುದು ಒಳಿತು. ಎರಡು ಗುಂಡಿಗಳ ಮೂಲ ರೇಡಿಯೊ ಅಲ್ಲಿಯೇ ಇದ್ದರೆ, ಹವ್ಯಾಸಿ ಖರೀದಿದಾರರ ಕಣ್ಣಿನಲ್ಲಿ ಕಾರಿನ ಬೆಲೆ ಬೇರೆಯಾಗುತ್ತದೆ. ಐವತ್ತು ವರ್ಷ ಮೀರಿದ, ಮೂಲ ರೂಪ ಉಳಿಸಿಕೊಂಡ ವಾಹನಗಳಿಗೆ 2021ರ ಕೇಂದ್ರ ನಿಯಮಗಳು ‘ವಿಂಟೇಜ್’ ನೋಂದಣಿಯ ಅವಕಾಶ ನೀಡಿದ ಬಳಿಕ ಈ ವಿಷಯ ಕೇವಲ ಭಾವುಕತೆಯದಾಗಿ ಉಳಿದಿಲ್ಲ.

ಅಮೆರಿಕದ ಗಾಲ್ವಿನ್ ಸಂಸ್ಥೆಯು ‘ಮೋಟೊರೋಲಾ’ ಎಂಬ ಹೆಸರಿನಲ್ಲಿ ಕಾರಿನ ರೇಡಿಯೊವನ್ನು ಮಾರುಕಟ್ಟೆಗೆ ತಂದದ್ದು 1930ರಲ್ಲಿ. ಮೊದಲು ವಾಲ್ವ್‌ಗಳು, ನಂತರ ಜರ್ಮೇನಿಯಂ ಟ್ರಾನ್ಸಿಸ್ಟರುಗಳು ಬಂದವು. ನಮ್ಮ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್ ಕಾರ್ಖಾನೆಯೇ 1960ರ ದಶಕದ ಆರಂಭದಲ್ಲಿ ಇವೆರಡನ್ನೂ ತಯಾರಿಸತೊಡಗಿತು. ಧಾರವಾಡದ 765, ಭದ್ರಾವತಿಯ 675 ಕಿಲೋಹರ್ಟ್ಸ್ ಕೇಂದ್ರಗಳಿಗೆ ಮುಳ್ಳು ನಿಲ್ಲಿಸಿ ವಾರ್ತೆ ಕೇಳಿದ ಪೀಳಿಗೆಗೆ ಈ ಪೆಟ್ಟಿಗೆಯ ಪರಿಚಯ ಬೇಕಿಲ್ಲ.

ದಶಕಗಳಿಂದ ಸುಮ್ಮನಿದ್ದ ರೇಡಿಯೊವನ್ನು ನೇರವಾಗಿ ಬ್ಯಾಟರಿಗೆ ಜೋಡಿಸಬಾರದು. ಒಳಗಿನ ಎಲೆಕ್ಟ್ರೊಲಿಟಿಕ್ ಕಂಡೆನ್ಸರುಗಳು ಒಣಗಿರುತ್ತವೆ; ಅವನ್ನು ಮೊದಲು ಬದಲಿಸಿ, ನಂತರ ಸರಣಿಯಲ್ಲಿ ಒಂದು ಸಣ್ಣ ಬಲ್ಬ್ ಇಟ್ಟು ವಿದ್ಯುತ್ ಕೊಡುವುದು ಬಲ್ಲವರ ಪದ್ಧತಿ. ಒಳಗಡೆ ಶಾರ್ಟ್ ಇದ್ದರೆ ಬಲ್ಬ್ ಪ್ರಖರವಾಗಿ ಉರಿಯುತ್ತದೆ, ರೇಡಿಯೊ ಉಳಿಯುತ್ತದೆ. ಬ್ರಿಟಿಷ್ ಮೂಲದ ಹಲವು ಹಳೆಯ ಕಾರುಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿಯೇ ಬಾಡಿಗೆ ಸೇರಿರುತ್ತದೆ ಎಂಬುದನ್ನು ಮರೆಯುವಂತಿಲ್ಲ. ಅಂತಹ ಕಾರಿನಲ್ಲಿ ಇಂದಿನ ಆಂಪ್ಲಿಫೈಯರಿನ ಲೋಹದ ಕವಚ ಬಾಡಿಗೆ ತಗುಲಿದರೆ ಫ್ಯೂಸ್ ಹಾರುತ್ತದೆ. ಫ್ಯೂಸ್ ಇಲ್ಲದಿದ್ದರೆ ವೈರೇ ಸುಡುತ್ತದೆ.

ಹೆಚ್ಚಿನ ಹಣ ವ್ಯರ್ಥವಾಗುವುದು ಆಂಪ್ಲಿಫೈಯರಿನಲ್ಲಿ. ಡಬ್ಬಿಯ ಮೇಲೆ ‘200 ವ್ಯಾಟ್’ ಎಂದು ಅಚ್ಚಾಗಿರುತ್ತದೆ. ಅದನ್ನು ನಂಬುವ ಮುನ್ನ ಒಂದು ಸರಳ ತಾಳೆ ನೋಡಬಹುದು: ವೋಲ್ಟಿನ ವರ್ಗವನ್ನು ಸ್ಪೀಕರಿನ ಓಮ್‌ನ ಎರಡರಷ್ಟರಿಂದ ಭಾಗಿಸಬೇಕು. ಎಂಜಿನ್ ಓಡುತ್ತಿರುವಾಗ ಬ್ಯಾಟರಿಯಲ್ಲಿ ಸುಮಾರು 14 ವೋಲ್ಟ್ ಇರುತ್ತದೆ. 14ರ ವರ್ಗ 196, ಸ್ಪೀಕರ್ 4 ಓಮ್ ಆದರೆ ಭಾಜಕ 8, ಫಲ 24.5 ವ್ಯಾಟ್. ಒಳಗೆ ವೋಲ್ಟೇಜ್ ಏರಿಸುವ ಪ್ರತ್ಯೇಕ ಭಾಗವಿಲ್ಲದ ಆಂಪ್ಲಿಫೈಯರಿನಿಂದ ಒಂದು ಸ್ಪೀಕರಿಗೆ ದಕ್ಕುವ ಶುದ್ಧ ಧ್ವನಿಯ ಮಿತಿ ಇಷ್ಟೇ. ನಾಲ್ಕು ಸ್ಪೀಕರ್ ಸೇರಿ 98. ಉಳಿದದ್ದು ಡಬ್ಬಿಯ ಶಾಯಿ. ಒಂದು ಒಳಾಂಗಣದ ಮಾತುಕತೆಗೆ, ವಾರ್ತೆಗೆ, ಹಾಡಿಗೆ ಐದಾರು ವ್ಯಾಟ್ ಧಾರಾಳವಾಯಿತು.

ಇಲ್ಲಿ ಇನ್ನೊಂದು ತೊಡಕಿದೆ. ಹಳೆಯ ಕಾರುಗಳಲ್ಲಿ ಸ್ಪೀಕರಿಗೆ ಒಂದೇ ವೈರ್ ಎಳೆದು, ಇನ್ನೊಂದು ತುದಿಯನ್ನು ಬಾಡಿಗೆ ಕಟ್ಟುವ ರೂಢಿಯಿತ್ತು. 24.5 ವ್ಯಾಟ್ ಕೊಡುವ ‘ಬ್ರಿಜ್’ ಮಾದರಿಯಲ್ಲಿ ಸ್ಪೀಕರಿನ ಎರಡೂ ವೈರುಗಳು ಜೀವಂತ. ಯಾವುದೊಂದೂ ಬಾಡಿಗೆ ತಗುಲಬಾರದು. ಸ್ಪೀಕರಿಗೆ ಹೊಸದಾಗಿ ಜೋಡಿ ವೈರ್ ಎಳೆಸದೆ ಮುಂದುವರಿದರೆ ಹೊಸ ಆಂಪ್ಲಿಫೈಯರ್ ಮೊದಲ ದಿನವೇ ಹೋಗುತ್ತದೆ. ಹಾಗೆಯೇ, ಮೂಲ ರೇಡಿಯೊದ ಸ್ವಂತ ಔಟ್‌ಪುಟ್ಟಿಗೆ 4 ಓಮ್‌ನ ಎರಡು ಸ್ಪೀಕರ್‌ಗಳನ್ನು ಸಮಾನಾಂತರವಾಗಿ ಕಟ್ಟಿದರೆ ಹೊರೆ 2 ಓಮ್ ಆಗಿ, ಜರ್ಮೇನಿಯಂ ಟ್ರಾನ್ಸಿಸ್ಟರ್ ಕಾದು ಸಾಯುತ್ತದೆ. ಅದಕ್ಕೆ ಬದಲಿ ಭಾಗ ಹುಡುಕುವುದು ಸುಲಭವಲ್ಲ. ಆದ್ದರಿಂದ ರೇಡಿಯೊವನ್ನು ಅದರ ಮೂಲ ಸ್ಪೀಕರಿನೊಂದಿಗೆ ಹಾಗೆಯೇ ಬಿಟ್ಟು, ಹೊಸ ಆಂಪ್ಲಿಫೈಯರಿಗೆ ಸಂಕೇತವನ್ನು ವಾಲ್ಯೂಮ್ ಕಂಟ್ರೋಲಿನ ನಡುತುದಿಯಿಂದ ಕವಚವಿರುವ ವೈರಿನಲ್ಲಿ ತೆಗೆಯುವುದು ಹೆಚ್ಚು ಕ್ಷೇಮ.

ಮಧ್ಯಮ ತರಂಗದ ಹಲವು ಪ್ರಸಾರಗಳು ಇತ್ತೀಚಿನ ವರ್ಷಗಳಲ್ಲಿ ನಿಂತಿರುವುದರಿಂದ, ಮೊಬೈಲಿನ ಧ್ವನಿಯನ್ನು ಅದೇ ವಾಲ್ಯೂಮ್ ಕಂಟ್ರೋಲಿಗೆ ಕೊಡುವ ಏರ್ಪಾಡನ್ನೂ ಕೆಲವರು ಬಯಸುತ್ತಾರೆ. ಮೊಬೈಲಿನ ಎಡ-ಬಲ ಸಂಕೇತಗಳನ್ನು ನೇರವಾಗಿ ಗಂಟು ಹಾಕದೆ, ಪ್ರತಿಯೊಂದಕ್ಕೂ ಒಂದು ರೆಸಿಸ್ಟರ್ ಇಟ್ಟು ಕೂಡಿಸಬೇಕು. ಹೊರಗಿನ ಫಲಕಕ್ಕೆ ರಂಧ್ರ ಕೊರೆಯಲು ಮಾತ್ರ ಒಪ್ಪಬಾರದು.

ಇನ್ನು ಖಾತೆಯ ಕಡೆ. ಕಾರು ವ್ಯವಹಾರಕ್ಕೆ ಬಳಕೆಯಾಗುತ್ತಿದ್ದರೆ ದುರಸ್ತಿ ಚಾಲ್ತಿ ಖರ್ಚು. ಹೊಸದಾಗಿ ಸೇರಿಸಿದ ಆಂಪ್ಲಿಫೈಯರ್ ಆಸ್ತಿಯ ಲೆಕ್ಕಕ್ಕೆ ಹೋಗುವುದು ಸೂಕ್ತ. ಸಾಮಾನ್ಯ ವರ್ತಕರಿಗೆ ಇಂತಹ ಕಾರಿನ ದುರಸ್ತಿಯ ಮೇಲಿನ ಜಿಎಸ್‌ಟಿ ಇನ್‌ಪುಟ್ ಕ್ರೆಡಿಟ್ ಸಿಗುವುದಿಲ್ಲ. ಸವಕಳಿ ಪಡೆದ ಕಾರನ್ನು ನೋಂದಾಯಿತ ಸಂಸ್ಥೆ ಮಾರಿದರೆ, 2025ರ ಜನವರಿಯ ತಿದ್ದುಪಡಿಯಂತೆ, ಮಾರಾಟದ ಬೆಲೆಗೂ ಸವಕಳಿ ಕಳೆದ ಮೌಲ್ಯಕ್ಕೂ ಇರುವ ಅಂತರದ ಮೇಲೆ ಶೇ 18 ತೆರಿಗೆ. ಉದಾಹರಣೆಗೆ, ಪುಸ್ತಕದಲ್ಲಿ ₹4,000 ಉಳಿದ ಕಾರು ₹1,54,000ಕ್ಕೆ ಹೋದರೆ ತೆರಿಗೆ ₹27,000. ಚಾಲ್ತಿ ಖರ್ಚಿನಲ್ಲಿ ಬರೆದ ದುರಸ್ತಿಯ ಮೊತ್ತ ಈ ಅಂತರದಿಂದ ಕಳೆಯುವುದಿಲ್ಲ. ಕಾರನ್ನು ಮಾರುವ ಯೋಚನೆಯಿದ್ದವರು ಈ ಲೆಕ್ಕವನ್ನು ದುರಸ್ತಿಗೆ ಮೊದಲೇ ಹಾಕಿಕೊಳ್ಳಬೇಕು.

ಕೆಲಸ ಒಪ್ಪಿಸುವಾಗ ಅಂದಾಜು ಪಟ್ಟಿಯನ್ನು ಬರಹದಲ್ಲಿ ಪಡೆದು, ತೆಗೆದ ಹಳೆಯ ಭಾಗಗಳನ್ನೆಲ್ಲ ಒಂದು ಚೀಲದಲ್ಲಿ ಮರಳಿಸುವಂತೆ ಮೊದಲೇ ಹೇಳಿಡಬೇಕು. ಮುಂದಿನ ಖರೀದಿದಾರ ಅವನ್ನು ಕೇಳಿಯೇ ಕೇಳುತ್ತಾನೆ.