ಓತಿಕ್ಯಾತದ ಬಿಸಿಲ ಲೆಕ್ಕ

ಓತಿಕ್ಯಾತಕ್ಕೆ ಬೇಲಿ ಸಾಕ್ಷಿ ಎಂದು ಗಾದೆ ಕಟ್ಟಿದವರು ಅದು ಕೂರುವ ಜಾಗವನ್ನು ಚೆನ್ನಾಗಿಯೇ ಗಮನಿಸಿದ್ದರು. ಬೇಲಿಗೂಟದ ತುದಿ, ಕಾಂಪೌಂಡ್ ಗೋಡೆ, ತೋಟದ ಕಲ್ಲುಗುಪ್ಪೆ: ಬೆಳಗಿನ ಬಿಸಿಲು ಮೊದಲು ಬೀಳುವ ಕಡೆಯೇ ಅದರ ಠಿಕಾಣಿ. ಹೊತ್ತೇರುತ್ತಿದ್ದಂತೆ ಗೂಟದ ನೆರಳಿನ ಮಗ್ಗುಲಿಗೆ ಸರಿಯುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಬಿಸಿಲಿಗೆ ಬರುತ್ತದೆ. ಈ ಓಡಾಟ ಮೈ ಕಾಯಿಸಿಕೊಳ್ಳುವುದಕ್ಕೆ ಎಂಬುದು ಎಲ್ಲರಿಗೂ ಗೊತ್ತು. ಆದರೆ ಅದರ ಎಲುಬಿನ ಗಟ್ಟಿತನವೂ ಇದೇ ಬಿಸಿಲಿನ ಕೈಯಲ್ಲಿದೆ.

ಹಲ್ಲಿ, ಓತಿ, ಉಡಗಳು ನಮ್ಮ ಹಾಗೆ ಮೈಯೊಳಗೇ ಬೇಕಾದಷ್ಟು ಬಿಸಿ ಹುಟ್ಟಿಸಿಕೊಳ್ಳಲಾರವು. ಹಾಗೆಂದು ಅವು ಗಾಳಿಯ ಬಿಸಿ ಎಷ್ಟಿದ್ದರೆ ಅಷ್ಟಕ್ಕೇ ಸುಮ್ಮನಿರುವವೂ ಅಲ್ಲ. ಅಮೆರಿಕದ ಮರುಭೂಮಿಯ ಸರೀಸೃಪಗಳನ್ನು ಬೆನ್ನುಹತ್ತಿದ ರೇಮಂಡ್ ಕೌಲ್ಸ್ ಮತ್ತು ಚಾರ್ಲ್ಸ್ ಬೊಗರ್ಟ್ 1944ರಲ್ಲಿ ಇದನ್ನು ತೋರಿಸಿಕೊಟ್ಟರು. ಬಿಸಿಲು ನೆರಳುಗಳ ನಡುವೆ ಓಡಾಡಿಕೊಂಡೇ ಓತಿಗಳು ಮೈಬಿಸಿಯನ್ನು ತಮಗೆ ಒಗ್ಗುವ ಕೆಲವೇ ಡಿಗ್ರಿಗಳ ಅಂತರದಲ್ಲಿ ಹಿಡಿದಿಟ್ಟುಕೊಳ್ಳುತ್ತವೆ. ಆ ಮೇಲೆ ಬಹಳ ಕಾಲ ಓತಿಯ ಬಿಸಿಲುಕಾಯುವಿಕೆಯನ್ನು ಎಲ್ಲರೂ ಥರ್ಮಾಮೀಟರಿನಿಂದಲೇ ಅಳೆದರು.

ಬಿಸಿಲಿನಲ್ಲಿ ಶಾಖದ ಜೊತೆಗೆ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳೂ ಇವೆ. ಅವುಗಳಲ್ಲಿ ಯುವಿ-ಬಿ ಎಂಬ ಭಾಗ ಚರ್ಮಕ್ಕೆ ತಾಗಿದಾಗ, ಅಲ್ಲಿರುವ ಕೊಲೆಸ್ಟರಾಲ್ ಜಾತಿಯ ಒಂದು ವಸ್ತು, ಎಲುಬನ್ನು ಗಟ್ಟಿಯಾಗಿಡುವ ವಿಟಮಿನ್ ಡಿ3ರ ಪೂರ್ವರೂಪವಾಗಿ ಬದಲಾಗುತ್ತದೆ. ಅದು ಪೂರ್ತಿ ವಿಟಮಿನ್ ಆಗಲು ಬೆಳಕು ಬೇಡ, ಬಿಸಿ ಬೇಕು. 1995ರಲ್ಲಿ ಮೈಕೆಲ್ ಹಾಲಿಕ್ ಮತ್ತು ಸಂಗಡಿಗರು ಹಸಿರು ಇಗ್ವಾನಾದ ಚರ್ಮದಲ್ಲಿ ಈ ಎರಡನೆಯ ಹಂತವನ್ನು ಅಳೆದು ನೋಡಿದರು. 25 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಪೂರ್ವರೂಪದ ಅರ್ಧಭಾಗ ವಿಟಮಿನ್ನಾಗಲು ಚರ್ಮದೊಳಗೆ 8 ಗಂಟೆ ಸಾಕಾಯಿತು. ಅದೇ ವಸ್ತುವನ್ನು ಹೆಕ್ಸೇನ್ ದ್ರಾವಣದಲ್ಲಿಟ್ಟಾಗ 72 ಗಂಟೆ ಹಿಡಿಯಿತು. ಜೀವಕೋಶದ ಪೊರೆ ಆ ಅಣುವನ್ನು ಹದವಾದ ಭಂಗಿಯಲ್ಲಿ ಹಿಡಿದಿಡುವುದರಿಂದ ಕೆಲಸ ಬೇಗ ಮುಗಿಯುತ್ತದೆ. ಮೈ ತಣ್ಣಗಿರುವ ಪ್ರಾಣಿಗೆ ಇದು ದೊಡ್ಡ ಆಸರೆ. ಮೈ ಕಾದಷ್ಟೂ ಈ ಹಂತ ಇನ್ನೂ ಚುರುಕಾಗುತ್ತದೆ. ಬೆಳಕು ಶುರುಮಾಡಿದ ಕೆಲಸವನ್ನು ಶಾಖ ಮುಗಿಸಿಕೊಡುತ್ತದೆ.

ತೊಡಕಿರುವುದು ಹೊತ್ತಿನಲ್ಲಿ. ಬೆಳಿಗ್ಗೆ ಸೂರ್ಯ ಕೆಳಗಿರುವಾಗ ಕಿರಣಗಳು ವಾತಾವರಣವನ್ನು ಓರೆಯಾಗಿ ದಾಟಿ ಬರಬೇಕು. ಯುವಿ-ಬಿಯ ಬಹುಪಾಲು ದಾರಿಯಲ್ಲೇ ಓಜೋನಿನ ಪಾಲಾಗುತ್ತದೆ. ಶಾಖ ಮಾತ್ರ ಸಾಕಷ್ಟು ಬಂದು ಮುಟ್ಟುತ್ತದೆ. ಯುವಿ-ಬಿ ತುಂಬಿ ಸುರಿಯುವುದು ನಡುಮಧ್ಯಾಹ್ನದಲ್ಲಿ. ಆಗ ಬಂಡೆ ಕಾದ ಹೆಂಚು; ಮೇಲೆ ಕೂತರೆ ಜೀವಕ್ಕೇ ಅಪಾಯ. ಇದಕ್ಕೊಂದು ದಾರಿ ಆಕಾಶದಲ್ಲೇ ಇದೆ. ಯುವಿ-ಬಿ ಗಾಳಿಯಲ್ಲಿ ಬಹಳವಾಗಿ ಚದುರುವ ಕಿರಣ. ನೆಲಕ್ಕೆ ಬರುವುದರಲ್ಲಿ ಸುಮಾರು ಅರ್ಧದಷ್ಟು ನೇರ ಸೂರ್ಯನಿಂದ ಬರದೆ ನೀಲಿ ಆಕಾಶದ ಎಲ್ಲ ಕಡೆಯಿಂದ ಬರುತ್ತದೆ. ಹಾಗಾಗಿ ಗೂಟದ ಮರೆಯಲ್ಲಿ, ಆದರೆ ಮೇಲೆ ಬಯಲು ಆಕಾಶ ಕಾಣುವಂತೆ ಕೂತ ಓತಿಗೆ ಸುಡುವ ಬಿಸಿಲು ತಪ್ಪುತ್ತದೆ, ಅತಿನೇರಳೆ ಒಂದಿಷ್ಟು ದಕ್ಕುತ್ತದೆ. ದಟ್ಟ ಮರದಡಿಯ ನೆರಳಿನಲ್ಲಿ ಇದು ಸಿಗುವುದಿಲ್ಲ. ನೆರಳುಗಳೆಲ್ಲ ಒಂದೇ ಅಲ್ಲ.

ಓತಿಗಳು ಇದನ್ನು ಬೇಕೆಂದೇ ಮಾಡುತ್ತವೆಯೇ? ಟೆಕ್ಸಾಸ್ ಕ್ರಿಶ್ಚಿಯನ್ ವಿಶ್ವವಿದ್ಯಾಲಯದ ಗ್ಯಾರಿ ಫರ್ಗ್ಯುಸನ್ ಮತ್ತು ಜೊತೆಗಾರರು ಈ ಪ್ರಶ್ನೆಯನ್ನು ಮಡಗಾಸ್ಕರಿನ ಪ್ಯಾಂಥರ್ ಊಸರವಳ್ಳಿಗಳಿಗೆ ಹಾಕಿದರು. ಕೆಲವಕ್ಕೆ ಆಹಾರದಲ್ಲಿ ವಿಟಮಿನ್ ಡಿ3 ಕಡಿಮೆ ಕೊಟ್ಟರು, ಕೆಲವಕ್ಕೆ ಹೆಚ್ಚು. 2003 ಮತ್ತು 2009ರಲ್ಲಿ ಪ್ರಕಟವಾದ ಫಲಿತಾಂಶಗಳು ಒಂದೇ ಮಾತು ಹೇಳಿದವು: ವಿಟಮಿನ್ ಕಡಿಮೆಯಿದ್ದವು ತಾವಾಗಿಯೇ ಅತಿನೇರಳೆಗೆ ಹೆಚ್ಚು ಮೈಯೊಡ್ಡಿದವು, ಸಾಕಷ್ಟು ಇದ್ದವು ಹಿಂದೆ ಸರಿದವು. ಊಸರವಳ್ಳಿ ಬಿಸಿಲಿಗೆ ಬರುವುದು ಚಳಿ ಬಿಡಿಸಿಕೊಳ್ಳುವುದಕ್ಕಷ್ಟೇ ಆಗಿದ್ದರೆ ಎರಡು ಗುಂಪುಗಳ ನಡುವೆ ಈ ವ್ಯತ್ಯಾಸ ಬರಬೇಕಿರಲಿಲ್ಲ. ಮೈಯೊಳಗಿನ ವಿಟಮಿನ್ನಿನ ಮಟ್ಟ ಆ ಪುಟ್ಟ ಪ್ರಾಣಿಯ ನಡೆಯನ್ನೇ ತಿದ್ದುತ್ತದೆ ಎಂಬುದು ನಿಜಕ್ಕೂ ಬೆರಗಿನ ಸಂಗತಿ.

ನೆರಳಲ್ಲೇ ಬಾಳುವವು ಬೇರೆ ಉಪಾಯ ಕಂಡುಕೊಂಡಿವೆ. ಜಮೈಕಾದಲ್ಲಿ ಬಯಲಿನ ಅನೋಲ್ ಓತಿಯ ಚರ್ಮಕ್ಕಿಂತ ನೆರಳಿನ ಅನೋಲ್‌ನ ಚರ್ಮ ಕಡಿಮೆ ಕಿರಣದಲ್ಲೇ ಚೆನ್ನಾಗಿ ವಿಟಮಿನ್ ತಯಾರಿಸುತ್ತದೆ. ನಮ್ಮ ಮನೆಹಲ್ಲಿಯ ಕುಲಕ್ಕೇ ಸೇರಿದ, ಟೆಕ್ಸಾಸಿನಲ್ಲಿ ನೆಲೆಸಿರುವ ಮೆಡಿಟರೇನಿಯನ್ ಹಲ್ಲಿಯೂ ಹಾಗೆಯೇ. ರಾತ್ರಿ ತಿರುಗುವ ಅದಕ್ಕೆ ಬೆಳಕು ಸಿಗುವುದೇ ಅಪರೂಪ. ಸಿಕ್ಕ ಚೂರನ್ನೂ ಅದರ ಚರ್ಮ ಪೋಲು ಮಾಡುವುದಿಲ್ಲ. ಇದಕ್ಕೆ ತದ್ವಿರುದ್ಧ ಅಮೆರಿಕದ ಮರುಭೂಮಿ ಇಗ್ವಾನಾ. ಮೈಬಿಸಿ 40 ಡಿಗ್ರಿ ದಾಟಿದರೂ ಅದು ಬಯಲಲ್ಲೇ ಓಡಾಡಿಕೊಂಡಿರುತ್ತದೆ. ಅದರ ಹೊಟ್ಟೆಯ ಒಳಪದರ ಕಪ್ಪು. ಚರ್ಮ ದಾಟಿ ಬಂದ ಅತಿನೇರಳೆ ಕರುಳು, ಈಲಿಗಳನ್ನು ಮುಟ್ಟದಂತೆ ಈ ಪದರ ತಡೆಯುತ್ತದೆ ಎಂದು ವಾರನ್ ಪೋರ್ಟರ್ 1967ರಲ್ಲಿ ವಿವರಿಸಿದರು.

ಬಿಸಿಲಿನಲ್ಲಿ ಎಷ್ಟು ಹೊತ್ತು ಇರಬೇಕೆಂಬ ಲೆಕ್ಕದಲ್ಲಿ ನೆತ್ತಿಯ ಮೇಲಿನ ಮೂರನೆಯ ಕಣ್ಣಿಗೂ ಪಾಲಿದೆ. ಅನೇಕ ಓತಿಗಳ ತಲೆಯ ನಡುವೆ ಒಂದು ಹುರುಪೆಯಡಿ ಮಸೂರ, ಅಕ್ಷಿಪಟಲ ಎರಡೂ ಇರುವ ಸಣ್ಣ ಅಂಗವೊಂದಿದೆ. ಚಿತ್ರ ಕಾಣದಿದ್ದರೂ ಬೆಳಕಿನ ಏರಿಳಿತ ಅದಕ್ಕೆ ಗೊತ್ತಾಗುತ್ತದೆ. ರಾಬರ್ಟ್ ಸ್ಟೆಬಿನ್ಸ್ ಮತ್ತು ರಿಚರ್ಡ್ ಈಕಿನ್ 1958ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ ಈ ಕಣ್ಣು ತೆಗೆದ ಓತಿಗಳು ಬೆಳಕಿನಲ್ಲಿ ಹೆಚ್ಚು ಹೊತ್ತು ಉಳಿದವು.

ಶಾಖದಷ್ಟೇ ಅತಿನೇರಳೆಯೂ ಬೇಕೆಂಬ ಈ ಸೂಕ್ಷ್ಮ ತಿಳಿಯದೆ ಹೋದಾಗ ನೋವುಂಡದ್ದು ಪಂಜರದ ಪ್ರಾಣಿಗಳು. ಸಾಮಾನ್ಯ ಗಾಜು ಬೆಳಕು, ಶಾಖ ಎರಡನ್ನೂ ಒಳಗೆ ಬಿಟ್ಟು ಯುವಿ-ಬಿಯನ್ನು ಮಾತ್ರ ತಡೆಯುತ್ತದೆ. ಗಾಜಿನ ಮನೆಯಲ್ಲಿ ಬೆಚ್ಚಗಿದ್ದ ಓತಿಗಳ ದವಡೆ ಮೆತ್ತಗಾಯಿತು, ಕಾಲೆಲುಬು ಬಾಗಿತು, ಬೆನ್ನು ಡೊಂಕಾಯಿತು. ಒಳಾಂಗಣದಲ್ಲೇ ಬೆಳೆದ ಕೊಮೊಡೊ ಉಡಗಳ ರಕ್ತದಲ್ಲೂ ಕಾಡಿನ ಉಡಗಳಿಗಿಂತ ವಿಟಮಿನ್ ಡಿ ಕಡಿಮೆ ಕಂಡುಬಂತು. 2010ರಲ್ಲಿ ಫರ್ಗ್ಯುಸನ್ ತಂಡ ಅಮೆರಿಕ ಮತ್ತು ಜಮೈಕಾದ 15 ಜಾತಿಯ ಸರೀಸೃಪಗಳು ಕೂತ ಜಾಗದಲ್ಲೇ ಅತಿನೇರಳೆ ಸೂಚ್ಯಂಕ ಅಳೆದು, ಅವುಗಳನ್ನು ನಾಲ್ಕು ವಲಯಗಳಾಗಿ ವಿಂಗಡಿಸಿತು. ಈಗ ಸರೀಸೃಪಗಳನ್ನು ಸಾಕುವವರು ದೀಪ ಆಯ್ದುಕೊಳ್ಳುವಾಗ ಈ ವಲಯಗಳನ್ನು ನೋಡಿಕೊಳ್ಳುತ್ತಾರೆ. ಪಂಜರದ ಒಂದು ತುದಿಯನ್ನು ದೀಪದ ಕೆಳಗೆ, ಇನ್ನೊಂದನ್ನು ತಂಪಿಗೆ ಇಟ್ಟು, ನಡುವೆ ಎಲ್ಲಿ ಕೂರಬೇಕೆಂಬುದನ್ನು ಪ್ರಾಣಿಗೇ ಬಿಡುತ್ತಾರೆ.

ಬಯಲಿನಲ್ಲಿ ಆ ಆಯ್ಕೆ ಕಿರಿದಾಗುತ್ತಿದೆ. ಬ್ಯಾರಿ ಸಿನರ್ವೊ ತಂಡ ಮೆಕ್ಸಿಕೊದಲ್ಲಿ 48 ಜಾತಿಯ ಮುಳ್ಳೋತಿಗಳನ್ನು 200 ತಾಣಗಳಲ್ಲಿ ಮತ್ತೆ ಹುಡುಕಿದಾಗ, 1975ರಿಂದ ಈಚೆಗೆ ಶೇ. 12ರಷ್ಟು ತಾಣಗಳಲ್ಲಿ ಅವು ಅಳಿದುಹೋಗಿದ್ದವು. ಮೊಟ್ಟೆಮರಿಗಳ ಕಾಲದಲ್ಲೇ ಸೆಕೆ ಏರಿ, ಅವು ಹಗಲಿನ ಹೆಚ್ಚು ಗಂಟೆಗಳನ್ನು ಬಿಲ, ಬಿರುಕುಗಳಲ್ಲಿ ಕಳೆಯಬೇಕಾಗಿದೆ. ಮೇಯಲು ಹೊತ್ತು ಸಾಲುತ್ತಿಲ್ಲ ಎಂದು 2010ರ ಆ ವರದಿ ಹೇಳಿತು. ಬಿಲದೊಳಗೆ ಸುಡುವ ಶಾಖ ತಪ್ಪುತ್ತದೆ. ಆದರೆ ಅಲ್ಲಿ ಹುಳವೂ ಇಲ್ಲ, ಅತಿನೇರಳೆಯೂ ಇಲ್ಲ.