ಕೊಡಲಿಗೆ ಕಾವು, ಬಂದೂಕಿಗೆ ಹಿಡಿ

ಕೊಡಲಿಗೆ ಹೊಸ ಕಾವು ಹಾಕುವ ಬಡಿಗ ಮೊದಲು ಮರದ ತುದಿಯನ್ನು ಬಾಚಿಯಿಂದ ಸವರುತ್ತಾನೆ. ತೂತಿಗೆ ತೂರಿಸಿ, ಎಲ್ಲಿ ಬಿಗಿ ಎಲ್ಲಿ ಸಡಿಲ ಎಂದು ನೋಡಿ, ಹೊರತೆಗೆದು ಮತ್ತೆ ಕೆತ್ತುತ್ತಾನೆ. ಬೆಣೆ ಜಡಿಯುವುದು ಕೊನೆಗೆ. ಗೋಕಾಕ, ಮೂಡಲಗಿ, ಹುಕ್ಕೇರಿಯ ಹಳ್ಳಿಗಳಿಗೆ ಇದು ದಿನದ ಕೆಲಸ. ಹಗುರ ಮರದಲ್ಲಿ ಹಣ್ಣು, ಹಕ್ಕಿ, ದೇವರ ಮೂರ್ತಿ ಕೆತ್ತುವ ಗೋಕಾಕದ ಕೈಗಳಂತೂ ನಾಡಿಗೇ ಗೊತ್ತು.

ಆದರೆ ಇಷ್ಟು ಪಳಗಿದ ಕೈ ಕೂಡ ಬೆಳೆ ಕಾಯುವ ಬಂದೂಕಿನ ಬಿರುಕುಬಿಟ್ಟ ಹಿಡಿಯನ್ನು ಮುಟ್ಟುವಂತಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಕಲಮು ತಯಾರಿಕೆ, ಮಾರಾಟಗಳ ಜೊತೆಗೆ ದುರಸ್ತಿಗೂ ಪರವಾನಗಿ ಬೇಕೆನ್ನುತ್ತದೆ. ಬಂದೂಕು ಇಟ್ಟುಕೊಳ್ಳುವ ಲೈಸೆನ್ಸ್ ಬೇರೆ, ಅದನ್ನು ರಿಪೇರಿ ಮಾಡುವ ಲೈಸೆನ್ಸ್ ಬೇರೆ.

ಆಯುಧಕ್ಕೆ ಸರ್ಕಾರದ ಅಪ್ಪಣೆ ಬೇಕೆಂಬ ಮಾತು ಈ ಸೀಮೆಗೆ ರಕ್ತದ ಜೊತೆ ಬಂದದ್ದು. ಮೂಡಲಗಿಯಿಂದ ಪೂರ್ವಕ್ಕೆ ಹೊರಟು ಮುಧೋಳ ದಾಟಿದರೆ ಹಲಗಲಿ. 1857ರ ದಂಗೆಯ ಹೊತ್ತಿನಲ್ಲಿ ಬ್ರಿಟಿಷರು ಜನರ ಆಯುಧಗಳನ್ನು ಕಿತ್ತುಕೊಳ್ಳಲು ಹೊರಟಾಗ, ಬೇಟೆಯನ್ನೇ ನಂಬಿದ್ದ ಅಲ್ಲಿನ ಬೇಡರು ಕೊಡಲೊಪ್ಪಲಿಲ್ಲ. ದಂಡು ಬಂತು, ಊರಿಗೆ ಬೆಂಕಿ ಬಿತ್ತು. ಡಿಸೆಂಬರಿನಲ್ಲಿ 19 ಜನರನ್ನು ಗಲ್ಲಿಗೇರಿಸಿದರು. ಲಾವಣಿಕಾರರು ಆ ಕಥೆಯನ್ನು ಸಾಯಗೊಡಲಿಲ್ಲ. 1878ರಲ್ಲಿ ಬಂದ ಕಾಯ್ದೆ ದೇಶಕ್ಕೆಲ್ಲ ಲೈಸೆನ್ಸಿನ ಕಟ್ಟು ಹಾಕಿತು. ಸ್ವಾತಂತ್ರ್ಯದ ನಂತರದ ಕಾಯ್ದೆ ಅದರ ಜಾಗಕ್ಕೆ ಬಂತು.

ಹಲಗಲಿಯವರ ಮೇಲೆ ಹೇರಿದ್ದು ಅನ್ಯಾಯ, ಸಂಶಯವೇ ಬೇಡ. ಇಂದು ದುರಸ್ತಿಗೆ ಲೈಸೆನ್ಸ್ ಕೇಳುವುದಕ್ಕೆ ಮಾತ್ರ ಬೇರೆಯದೇ ಕಾರಣವಿದೆ. ರೈಫಲ್ಲಿನೊಳಗೆ ಮರ ಮಾಡುವ ಕೆಲಸ ನೋಡಿದರೆ ಅದು ತಿಳಿಯುತ್ತದೆ.

1907ರಲ್ಲಿ ಬಂದು, ಬಂಗಾಳದ ಇಚಾಪುರ ಕಾರ್ಖಾನೆಯಲ್ಲೂ ತಯಾರಾಗಿ, ಮಹಾಯುದ್ಧಗಳಲ್ಲಿ ಭಾರತದ ಸಿಪಾಯಿಗಳ ಹೆಗಲೇರಿದ ಲೀ-ಎನ್‌ಫೀಲ್ಡ್ ರೈಫಲ್ಲಿನ ಮಾದರಿಯನ್ನೇ ತೆಗೆದುಕೊಳ್ಳಿ. ಅದರ ಮುಖ್ಯ ಮರ ಎರಡು ತುಂಡು: ನಳಿಗೆಯ ಕೆಳಗೊಂದು, ಹೆಗಲಿಗೆ ಆನಿಸುವುದೊಂದು. ಹೆಗಲ ತುಂಡನ್ನು ಅರ್ಧರ್ಧ ಇಂಚಿನ ವ್ಯತ್ಯಾಸದಲ್ಲಿ ಬೇರೆ ಬೇರೆ ಉದ್ದಕ್ಕೆ ಮಾಡುತ್ತಿದ್ದರು, ಗಿಡ್ಡ ತೋಳಿನವನಿಗೆ ಗಿಡ್ಡದು, ಉದ್ದ ತೋಳಿನವನಿಗೆ ಉದ್ದದ್ದು. ಆಳಿಗೆ ತಕ್ಕ ಹಿಡಿ ಬದಲಿಸುವ ವಿಚಾರ ಅಷ್ಟು ಹಳೆಯದು.

ಆ ತುಂಡನ್ನು ಬಿಗಿಹಿಡಿಯುವುದು ಮರದೊಳಗೇ ಹಾದುಹೋಗುವ ಉದ್ದನೆಯ ಬೋಲ್ಟು. ಅದರ ಚೌಕದ ತುದಿ ಮುಂದಿನ ಮರದಲ್ಲಿ ಕೂರಿಸಿದ ಪಟ್ಟಿಗೆ ಸಿಕ್ಕಿಕೊಂಡಿರುತ್ತದೆ. ಮುಂದಿನ ಮರವನ್ನು ಮೊದಲು ಬಿಚ್ಚದೆ ಹಿಂದಿನಿಂದ ಬೋಲ್ಟು ತಿರುವಿದರೆ ಒಳಗಿನ ಚೌಕವೂ ತಿರುಗಿ ಮುಂದಿನ ಮರವನ್ನು ಸೀಳಿಹಾಕುತ್ತದೆ. ಗೊತ್ತಿಲ್ಲದವನು ಕೈಹಾಕಿದರೆ ಹಿಂದಿನದನ್ನು ಸರಿಮಾಡಲು ಹೋಗಿ ಮುಂದಿನದನ್ನು ಕಳೆದುಕೊಳ್ಳುತ್ತಾನೆ.

ಒಂದೇ ತುಂಡಿನ ಮರವಿರುವ ರೈಫಲ್ಲಿಗೆ ಬೇರೆ ಪರೀಕ್ಷೆ. ಗುಂಡು ಹಾರಿದಾಗ ಹಿಂದಕ್ಕೆ ಒದೆಯುವ ಬಲವನ್ನು ನಳಿಗೆಯ ಬುಡದ ಕೆಳಗಿನ ಕಬ್ಬಿಣದ ಗೂಟ ಮರಕ್ಕೆ ದಾಟಿಸುತ್ತದೆ. ಗೂಟಕ್ಕೆ ಕಾಡಿಗೆ ಸವರಿ, ಮರದಲ್ಲಿ ಕೂರಿಸಿ ತೆಗೆದರೆ ತಾಗಿದ ಜಾಗವಷ್ಟೇ ಕಪ್ಪಾಗುತ್ತದೆ. ಹಿಂಬದಿಯ ಮುಖವೆಲ್ಲ ಒಂದೇ ಸಮ ಕಪ್ಪಾಗುವವರೆಗೆ ಉಳಿಯಿಂದ ಚೂರುಚೂರೇ ಕೆರೆಯಬೇಕು. ಒಂದೇ ಮೂಲೆ ತಾಗಿ ಬಿಟ್ಟರೆ ಪ್ರತಿ ಗುಂಡಿಗೂ ಪೆಟ್ಟು ಅಲ್ಲಿಗೇ ಬಿದ್ದು ಮರ ಸೀಳುತ್ತದೆ. ಕೊಡಲಿಯ ಕಾವಿಗೂ ಇದಕ್ಕೂ ಇಲ್ಲಿಯವರೆಗೆ ನೆಂಟಸ್ತಿಕೆಯಿದೆ.

ಮುಂದೆ ಇಲ್ಲ. ಹೊಸ ಹಿಡಿಯ ಅಂಚು ಟ್ರಿಗರಿಗೋ ಸೇಫ್ಟಿಗೋ ಕೂದಲೆಳೆಯಷ್ಟು ಒತ್ತಿದರೂ ಬೆರಳು ತಾಗದೆ ಗುಂಡು ಹಾರಬಹುದು. ಅಂಗಡಿಯಿಂದ ತಂದ ಪ್ಲಾಸ್ಟಿಕ್ ಅಥವಾ ಅಲ್ಯೂಮಿನಿಯಂ ಹಿಡಿಗೂ ಈ ಅಪಾಯ ತಪ್ಪಿದ್ದಲ್ಲ. ಆದ್ದರಿಂದ ಸ್ಕ್ರೂ ಮುಟ್ಟುವ ಮೊದಲು ಮ್ಯಾಗಜೀನ್ ತೆಗೆದು, ಗುಂಡಿನ ಮನೆಯನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ತಡವಿ, ಖಾಲಿಯೆಂದು ಖಾತ್ರಿ ಮಾಡಿಕೊಳ್ಳುವುದು ನೇಮ. ಕೂರಿಸಿದ ಮೇಲೆ ಬಾಯಿ ಮೇಲಾಗಿ ಹಿಡಿದ ಖಾಲಿ ರೈಫಲ್ಲನ್ನು ಹೂಡಿ, ಸೇಫ್ಟಿ ಹಾಕಿ ಒಮ್ಮೆ, ತೆಗೆದು ಒಮ್ಮೆ, ಹಿಡಿಯ ಬುಡವನ್ನು ರಬ್ಬರಿನ ಹಾಸಿನ ಮೇಲೆ ಕುಟ್ಟುತ್ತಾರೆ. ಒಳಗೆ ‘ಟಕ್’ ಎಂದು ಕೇಳಿಸಿದರೆ ಆ ರೈಫಲ್ಲು ದುರಸ್ತಿಯ ಮೇಜು ಬಿಟ್ಟು ಕದಲುವುದಿಲ್ಲ.