ಕ್ಯಾಮೆರಾಗೆ ಕಾಣದ ಕ್ಯಾನ್ಸರ್

ನ್ಯೂಜಿಲೆಂಡಿನ ಟೌರಂಗಾ ಸೀಮೆಯ ಒಂದು ಮಾವೊರಿ ಮನೆತನ ಸುಮಾರು 30 ವರ್ಷಗಳಲ್ಲಿ ತನ್ನವರಾದ 25 ಮಂದಿಯನ್ನು ಜಠರದ ಕ್ಯಾನ್ಸರಿಗೆ ಕಳೆದುಕೊಂಡಿತು. ಹೋದವರಲ್ಲಿ ಹದಿಹರೆಯದವರೂ ಇದ್ದರು. ಇದು ಶಾಪವೆಂದು ನಂಬಿದವರೂ ಇದ್ದರು. ಆದರೆ ಮನೆತನ ಕೈಕಟ್ಟಿ ಕೂರಲಿಲ್ಲ. ಯಾರು, ಯಾವ ವಯಸ್ಸಿನಲ್ಲಿ, ಯಾರ ಮಕ್ಕಳು ಎಂದು ವಂಶವೃಕ್ಷ ಬರೆದುಕೊಂಡು ಒಟಾಗೊ ವಿಶ್ವವಿದ್ಯಾಲಯದ ವಿಜ್ಞಾನಿಗಳ ಬಳಿಗೆ ತಾವಾಗಿಯೇ ಹೋದರು. ಪ್ಯಾರಿ ಗಿಲ್‌ಫೋರ್ಡ್ ತಂಡ 1998ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಕಾರಣವನ್ನು ಪ್ರಕಟಿಸಿತು: ಸಿಡಿಎಚ್1 ಎಂಬ ಜೀನ್‌ನಲ್ಲಿ ದೋಷ. ಆ ಪ್ರಬಂಧದ ಲೇಖಕರಲ್ಲಿ ಮನೆತನದವರೂ ಇದ್ದಾರೆ. ಅದು ಅವರಿಗೆ ಸಲ್ಲಬೇಕಾದ ಗೌರವವೇ.

ಈ ಜೀನ್ ತಯಾರಿಸುವ ಈ-ಕ್ಯಾಡ್ಹೆರಿನ್ ಪ್ರೋಟೀನು ಇಟ್ಟಿಗೆಗಳ ನಡುವಿನ ಗಾರೆಯಂತೆ ಜೀವಕೋಶಗಳನ್ನು ಹಿಡಿದಿಡುತ್ತದೆ. ಅದು ಇಲ್ಲವಾದರೆ ಕೋಶಗಳು ಬಿಡಿಬಿಡಿಯಾಗಿ ಜಠರದ ಗೋಡೆಯೊಳಗೆ ಹರಡುತ್ತವೆ. ಮೊದಮೊದಲು ಗಡ್ಡೆ ಕಟ್ಟುವುದಿಲ್ಲ, ಹುಣ್ಣೂ ಏಳುವುದಿಲ್ಲ. ಎಂಡೋಸ್ಕೋಪಿಯ ಕ್ಯಾಮೆರಾದಲ್ಲಿ ಒಳಪೊರೆ ನುಣುಪಾಗಿ, ಆರೋಗ್ಯವಾಗಿಯೇ ಕಾಣಬಹುದು. ಅದಕ್ಕಾಗಿ ತಜ್ಞರು ಅನುಮಾನ ಬಂದ ಜಾಗದ ಜೊತೆಗೆ ಜಠರದ ಬೇರೆ ಬೇರೆ ಭಾಗಗಳಿಂದ ಸುಮಾರು 30 ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ಆದರೂ ತಪ್ಪಿಹೋಗುತ್ತದೆ. ಹಸಿವು ಕುಗ್ಗಿ, ತೂಕ ಇಳಿದು ರೋಗಿ ಬರುವಷ್ಟರಲ್ಲಿ ಅನೇಕ ವೇಳೆ ಕಾಲ ಮಿಂಚಿರುತ್ತದೆ.

ಹಾಗಾಗಿ ಇಲ್ಲಿ ಕ್ಯಾಮೆರಾಗಿಂತ ಮೊದಲು ಬೇಕಾದದ್ದು ಮನೆಯವರ ನೆನಪು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಕ್ಯಾನ್ಸರಿನ ಹೆಸರನ್ನೇ ಎತ್ತುವುದಿಲ್ಲ; ‘ಹೊಟ್ಟೆನೋವು ಬಂದು ಹೋದರು’ ಎಂದು ಮಾತು ಮುಗಿಸುತ್ತಾರೆ. ಆ ಮರೆಮಾಚುವಿಕೆ ಮೊಮ್ಮಕ್ಕಳಿಗೆ ದುಬಾರಿಯಾಗಬಲ್ಲದು. ಚಿಕ್ಕ ವಯಸ್ಸಿನ ಜಠರ ಕ್ಯಾನ್ಸರ್, ಜೊತೆಗೆ ಹೆಂಗಸರಲ್ಲಿ ಲೋಬ್ಯುಲರ್ ಬಗೆಯ ಸ್ತನ ಕ್ಯಾನ್ಸರ್ ಒಂದೇ ವಂಶದಲ್ಲಿ ಕಂಡರೆ ಜೀನ್ ಪರೀಕ್ಷೆಗೆ ಕಾರಣವಿದೆ ಎಂದೇ ಅರ್ಥ. ಅದಕ್ಕೆ ರಕ್ತದ ಮಾದರಿ ಸಾಕು. ದೋಷವಿರುವ ತಂದೆಯಿಂದಲೋ ತಾಯಿಯಿಂದಲೋ ಪ್ರತಿ ಮಗುವಿಗೆ ಅದು ಬರುವ ಸಾಧ್ಯತೆ ಅರ್ಧಕ್ಕರ್ಧ.

ದೋಷ ಖಚಿತವಾದವರಿಗೆ ವೈದ್ಯರು ಸಾಮಾನ್ಯವಾಗಿ ಸೂಚಿಸುವುದು, ಕಾಯಿಲೆ ಕಾಣಿಸಿಕೊಳ್ಳುವ ಮೊದಲೇ ಇಡೀ ಜಠರವನ್ನು ತೆಗೆಯುವ ಶಸ್ತ್ರಚಿಕಿತ್ಸೆ. ಸ್ವಲ್ಪ ಭಾಗ ಉಳಿಸಿದರೆ ಅಪಾಯವೂ ಉಳಿಯುತ್ತದೆ. ಕತ್ತರಿಸಿದ ಅಂಚಿನಲ್ಲಿ ಜಠರದ ಒಳಪೊರೆ ಉಳಿದಿಲ್ಲವೆಂದು ಸೂಕ್ಷ್ಮದರ್ಶಕದಲ್ಲಿ ನೋಡಿ ಖಾತ್ರಿಪಡಿಸಿಕೊಳ್ಳುತ್ತಾರೆ. ಬಳಿಕ ಸಣ್ಣ ಕರುಳನ್ನು ಮೇಲಕ್ಕೆಳೆದು ಅನ್ನನಾಳಕ್ಕೆ ಹೊಲಿಯುತ್ತಾರೆ. ಪಿತ್ತರಸ ತರುವ ಕರುಳಿನ ತುಂಡನ್ನು ಇನ್ನಷ್ಟು ಕೆಳಗೆ ಜೋಡಿಸುತ್ತಾರೆ. ಇಲ್ಲದಿದ್ದರೆ ಪಿತ್ತ ಗಂಟಲಿಗೆ ಏರುತ್ತದೆ. ಹೀಗೆ ತೆಗೆದ, ಹೊರನೋಟಕ್ಕೆ ಏನೂ ಆಗಿರದ ಜಠರಗಳನ್ನು ಚೂರುಚೂರಾಗಿ ಪರೀಕ್ಷಿಸಿದಾಗ ಹೆಚ್ಚಿನವುಗಳಲ್ಲಿ ಕ್ಯಾನ್ಸರಿನ ಸೂಕ್ಷ್ಮ ಕೇಂದ್ರಗಳು ಸಿಕ್ಕಿವೆ. ಅವೆಲ್ಲ ಮುಂದೆ ಬೆಳೆದೇ ತೀರುತ್ತವೆ ಎಂದೇನಿಲ್ಲ. ಯಾವುದು ಬೆಳೆಯುತ್ತದೆಂದು ಮೊದಲೇ ಗುರುತಿಸಲಾಗದಿರುವುದೇ ಕಷ್ಟ.

ಜಠರವಿಲ್ಲದೆ ಬದುಕಬಹುದು. ಆದರೆ ಅದು ಸುಲಭವೆಂದು ಹೇಳುವುದು ರೋಗಿಗೆ ಮಾಡುವ ಅನ್ಯಾಯ. ತಟ್ಟೆ ತುಂಬ ಉಣ್ಣುವಂತಿಲ್ಲ. ದಿನಕ್ಕೆ ಐದಾರು ಸಲ, ಸ್ವಲ್ಪ ಸ್ವಲ್ಪ, ಚೆನ್ನಾಗಿ ಅಗಿದು ತಿನ್ನಬೇಕು. ಸಿಹಿ ಹೆಚ್ಚಾದರೆ ಬೆವರು, ತಲೆಸುತ್ತು, ಭೇದಿ. ಬಿ12 ವಿಟಮಿನ್ ಹೀರಿಕೊಳ್ಳಲು ನೆರವಾಗುವ ಅಂಶ ಜಠರದ್ದೇ ಆದ್ದರಿಂದ ಜೀವನವಿಡೀ ಅದನ್ನು ಹೊರಗಿನಿಂದ ಕೊಡಬೇಕು. ತೂಕವೂ ಇಳಿಯುತ್ತದೆ. ಆದರೂ ಕೆಲಸಕ್ಕೆ ಮರಳಿದವರು, ಮಕ್ಕಳನ್ನು ಹೆತ್ತವರು ಇದ್ದಾರೆ.

ಸಾಮಾನ್ಯವಾಗಿ 20ರಿಂದ 30ರ ವಯಸ್ಸಿನೊಳಗೆ ಈ ನಿರ್ಧಾರ ಎದುರಾಗುತ್ತದೆ. ಓದು, ಮದುವೆ, ನೌಕರಿಯ ನಡುವೆ, ನೋವೇ ಇಲ್ಲದ ಹೊಟ್ಟೆಯನ್ನು ಒಪ್ಪಿಸಬೇಕು. ಒಪ್ಪದವರನ್ನು ದೂರುವಂತಿಲ್ಲ, ಅಂಥವರನ್ನು ಅನುಭವಿ ಕೇಂದ್ರಕ್ಕೆ ವರ್ಷಕ್ಕೊಮ್ಮೆ ಕರೆಸಿ, ಮತ್ತೆ ಅಷ್ಟೇ ಬಯಾಪ್ಸಿ ಮಾಡುತ್ತಾ ಕಾಯುತ್ತಾರೆ.